ಕನ್ನಡ ಓದಲು ಯಾವ ಪರದೆ ಒಳ್ಳೆಯದು? ಪಿಕ್ಚರ್ ಟ್ಯೂಬಿನಿಂದ ಓಎಲ್‌ಇಡಿ ತನಕ ಮಾತಾಡೋಣ

ಕರಡು_ಅಕ್ಕ

ಎಲ್ಲರಿಗೂ ನಮಸ್ಕಾರ. ಚಾಮರಾಜಪೇಟೆಯಲ್ಲಿ ಪುಸ್ತಕಗಳ ಕರಡು ತಿದ್ದುವುದು ನನ್ನ ಕೆಲಸ. ದಿನಪೂರ್ತಿ ಪರದೆ ಮೇಲೆ ಕನ್ನಡ ಓದುತ್ತೇನೆ. ಈಗ ಇರುವುದು 24 ಇಂಚಿನ ಫುಲ್ ಎಚ್‌ಡಿ ಮಾನಿಟರ್. ದ, ಧ, ಥ ಈ ಮೂರರ ಮೈ ಒಂದೇ ಅಲ್ವಾ, ಒಳಗಿನ ಚುಕ್ಕೆ ಮತ್ತು ಕೆಳಗಿನ ಸೀಳು ಇಷ್ಟೇ ವ್ಯತ್ಯಾಸ. ಸಣ್ಣ ಅಕ್ಷರದಲ್ಲಿ ಆ ಸೀಳು ಪರದೆ ಮೇಲೆ ಮುಚ್ಚಿಹೋಗುತ್ತದೆ. ಒತ್ತಕ್ಷರ ಇನ್ನೂ ಕಷ್ಟ. ನಿಷ್ಠೆಯ ಒತ್ತು ಟ ಇದೆಯೋ ಠ ಇದೆಯೋ ಅಂತ ಪ್ರತಿ ಸಲ ದೊಡ್ಡದು ಮಾಡಿ ನೋಡಬೇಕು. ಅದೇ ಪುಟ ಫೋನಿನಲ್ಲಿ ತೆರೆದರೆ ಅಕ್ಷರ ಚಿಕ್ಕದಾದರೂ ಚೊಕ್ಕವಾಗಿ ಕಾಣುತ್ತದೆ.

ಹೊಸದು ತೆಗೆದುಕೊಳ್ಳೋಣ ಅಂತ ಅಂಗಡಿಗೆ ಹೋದರೆ ಬಣ್ಣ, ಹರ್ಟ್ಸ್, ಗೇಮಿಂಗ್, ಕರ್ವ್ ಇದೇ ಮಾತು. ಕನ್ನಡ ಅಕ್ಷರ ಹೇಗೆ ಕಾಣುತ್ತದೆ ಅಂತ ಯಾರೂ ಹೇಳುವುದಿಲ್ಲ. ಐಪಿಎಸ್, ಓಎಲ್‌ಇಡಿ, ಕ್ಯೂಎಲ್‌ಇಡಿ, ಇ-ಇಂಕ್ ಇವೆಲ್ಲ ಏನು, ಯಾಕೆ ಬಂದವು ಅಂತ ಬುಡದಿಂದ ತಿಳಿದುಕೊಳ್ಳುವ ಆಸೆ ಇದೆ. ಗೊತ್ತಿರುವವರು ದಯವಿಟ್ಟು ವಿವರವಾಗಿ ಬರೆಯಿರಿ, ಉದ್ದ ಆದರೂ ಓದುತ್ತೇನೆ.

ಎಸ್ಪಿ_ರೋಡ್_ಬೆಂಚು

ಮೇಡಂ, ಮೊದಲು ಒಂದು ಲೆಕ್ಕ. ಒಂದು ಇಂಚಿನಲ್ಲಿ ಪರದೆಯ ಎಷ್ಟು ಚುಕ್ಕೆ (ಪಿಕ್ಸೆಲ್) ಇದೆ ಅನ್ನುವುದೇ ನಿಮ್ಮ ಕೆಲಸಕ್ಕೆ ಮುಖ್ಯ. 24 ಇಂಚಿನ ಫುಲ್ ಎಚ್‌ಡಿಯಲ್ಲಿ ಇಂಚಿಗೆ 92 ಚುಕ್ಕೆ. ಅದೇ ಫುಲ್ ಎಚ್‌ಡಿ 27 ಇಂಚಿಗೆ ಹಿಗ್ಗಿದರೆ 82ಕ್ಕೆ ಇಳಿಯುತ್ತದೆ. ದೊಡ್ಡ ಪರದೆ ಅಂತ ಖುಷಿಯಾಗಿ ತೆಗೆದುಕೊಂಡು ಹೋಗುತ್ತಾರೆ, ಅಕ್ಷರ ಮಾತ್ರ ಮೊದಲಿಗಿಂತ ಒರಟಾಗುತ್ತದೆ. 15.6 ಇಂಚಿನ ಲ್ಯಾಪ್‌ಟಾಪಿನಲ್ಲಿ ಅಷ್ಟೇ ಚುಕ್ಕೆ ಇದ್ದರೆ ಇಂಚಿಗೆ 141. ಈಗಿನ ಒಳ್ಳೆಯ ಫೋನುಗಳಲ್ಲಿ 400ರ ಆಸುಪಾಸು. ನಿಮ್ಮ ಫೋನು ಯಾಕೆ ಚೊಕ್ಕ ಕಾಣುತ್ತದೆ ಅನ್ನುವುದಕ್ಕೆ ಉತ್ತರ ಇಲ್ಲೇ ಇದೆ.

27 ಇಂಚಿನ 4ಕೆ (3840ಕ್ಕೆ 2160 ಚುಕ್ಕೆ) ತೆಗೆದುಕೊಂಡರೆ 163 ಸಿಗುತ್ತದೆ. ಹರ್ಟ್ಸ್, ಅಂದರೆ ಸೆಕೆಂಡಿಗೆ ಎಷ್ಟು ಸಲ ಚಿತ್ರ ಹೊಸದಾಗುತ್ತದೆ ಅನ್ನುವುದು, 60 ಇದ್ದರೂ ಸಾಕು. ನೀವು ಓದುವವರು, ಆಟ ಆಡುವವರಲ್ಲ.

ಡಿಟಿಪಿ_ಕಾಟನ್‌ಪೇಟೆ

ಬೆಂಚು ಅವರು ಹೇಳಿದ್ದು ಸರಿ, ಆದರೆ ಕನ್ನಡಕ್ಕೆ ಈ ಚುಕ್ಕೆ ಯಾಕೆ ಜಾಸ್ತಿ ಬೇಕು ಅಂತ ನಾನು ಹೇಳುತ್ತೇನೆ. ಇಂಗ್ಲಿಷ್ ಅಕ್ಷರಗಳೆಲ್ಲ ಒಂದು ಸಾಲಿನಲ್ಲಿ ಪಕ್ಕ ಪಕ್ಕ ಕೂರುತ್ತವೆ. ನಮ್ಮದು ಹಾಗಲ್ಲ. ಮೇಲೆ ತಲೆಕಟ್ಟು, ಗುಡಿಸು, ನಡುವೆ ಅಕ್ಷರದ ಮೈ, ಕೆಳಗೆ ಒತ್ತು. 'ಸ್ತ್ರೀ' ಬರೆದು ನೋಡಿ. ಸ, ಅದರ ಕೆಳಗೆ ತ ಒತ್ತು, ರ ಒತ್ತು, ಮೇಲೆ ಗುಡಿಸು, ಪಕ್ಕದಲ್ಲಿ ದೀರ್ಘ. ಇಷ್ಟೂ ಒಂದೇ ಸಾಲಿನ ಎತ್ತರದೊಳಗೆ ಹಿಡಿಸಬೇಕು. ಹಾಗಾಗಿ ನಮಗೆ ಚುಕ್ಕೆ ಬೇಕಾಗುವುದು ಮುಖ್ಯವಾಗಿ ಮೇಲಿಂದ ಕೆಳಕ್ಕೆ.

ಹಳೆಯ ಪಿಸಿಗಳಲ್ಲಿ ಈ ಜಾಗವೇ ಇರಲಿಲ್ಲ. ಐಬಿಎಂ ಪಿಸಿ 1981ರಲ್ಲಿ ಬಂದಾಗ ಅದರ ಹಸಿರು ಮಾನಿಟರ್ 80 ಅಕ್ಷರದ 25 ಸಾಲು ತೋರಿಸುತ್ತಿತ್ತು. ಒಂದೊಂದು ಅಕ್ಷರಕ್ಕೆ 9 ಚುಕ್ಕೆ ಅಗಲ, 14 ಚುಕ್ಕೆ ಎತ್ತರದ ಮನೆ. ಬಣ್ಣದ ಸಿಜಿಎ ಕಾರ್ಡಿನಲ್ಲಿ ಆ ಮನೆ ಇನ್ನೂ ಚಿಕ್ಕದು, 8ಕ್ಕೆ 8. ಅಕ್ಷರಗಳ ರೂಪ ಕಾರ್ಡಿನ ಮೇಲಿನ ಒಂದು ಚಿಪ್ಪಿನಲ್ಲಿ ಮೊದಲೇ ಅಚ್ಚಾಗಿರುತ್ತಿತ್ತು. 8 ಚುಕ್ಕೆ ಎತ್ತರದಲ್ಲಿ ಸ್ತ್ರೀ ಬರೆಯಲು ಸಾಧ್ಯವೇ ಇಲ್ಲ, ಕಾಗದದ ಮೇಲೆ ಚೌಕ ಹಾಕಿ ಯಾರು ಬೇಕಾದರೂ ಪ್ರಯತ್ನಿಸಿ ನೋಡಬಹುದು.

ಅದಕ್ಕೇ ಜಿಸ್ಟ್ ಕಾರ್ಡ್ ಬಂತು. ಐಐಟಿ ಕಾನ್ಪುರದಲ್ಲಿ ಶುರುವಾದ ಕೆಲಸ, ಆಮೇಲೆ ಸರ್ಕಾರದ ಕಂಪ್ಯೂಟರ್ ಸಂಶೋಧನಾ ಸಂಸ್ಥೆ ಸಿಡ್ಯಾಕ್ ಅದನ್ನು ಬೆಳೆಸಿತು. ಪಿಸಿಯೊಳಗೆ ಈ ಕಾರ್ಡ್ ಸಿಕ್ಕಿಸಿದರೆ ಭಾರತದ ಲಿಪಿಗಳನ್ನು ಅದೇ ಜೋಡಿಸಿ ಪರದೆಗೆ ಕಳಿಸುತ್ತಿತ್ತು. ನಾನು ಈ ಕೆಲಸಕ್ಕೆ ಸೇರಿದಾಗ ನಮ್ಮ ಪ್ರೆಸ್‌ನಲ್ಲಿ ಅದು ಇತ್ತು. ಅಕ್ಷರ ಗಟ್ಟಿಯಾಗಿ, ಚೌಕ ಚೌಕವಾಗಿ ಕಾಣುತ್ತಿತ್ತು, ಆದರೂ ಕನ್ನಡ ಪರದೆ ಮೇಲೆ ಮೂಡುವುದನ್ನು ನೋಡಲು ಅಕ್ಕಪಕ್ಕದ ಅಂಗಡಿಯವರೂ ಬಂದು ನಿಲ್ಲುತ್ತಿದ್ದರು.

ಎಂಟನೇ_ಕ್ರಾಸ್

ಅಣ್ಣ, ಸುಮ್ನೆ ಒಂದು ಪ್ರಶ್ನೆ. ಆ ಕಾಲದ ಪರದೆಗೇ ಅಷ್ಟು ಚುಕ್ಕೆ ತೋರಿಸುವ ಶಕ್ತಿ ಇರಲಿಲ್ಲವಾ ಅಥವಾ ಕಂಪ್ಯೂಟರಿಗೆ ಇರಲಿಲ್ಲವಾ?

ಪಾಠದ_ಮೇಷ್ಟ್ರು

ಒಳ್ಳೆಯ ಪ್ರಶ್ನೆ. ಪರದೆಗೆ ಇತ್ತು, ಕಂಪ್ಯೂಟರಿಗೆ ಇರಲಿಲ್ಲ. ನನ್ನ ಪ್ರಕಾರ ಕಂಪ್ಯೂಟರ್ ಪರದೆಯ ಅರ್ಧ ಕಥೆ ಮೆಮೊರಿಯ ಬೆಲೆಯ ಕಥೆ. ಸ್ವಲ್ಪ ಹಿಂದಿನಿಂದ ಹೇಳುತ್ತೇನೆ.

ಪಿಕ್ಚರ್ ಟ್ಯೂಬಿನ ಮೂಲ 1897ರದು. ಜರ್ಮನಿಯ ಕಾರ್ಲ್ ಫರ್ಡಿನಾಂಡ್ ಬ್ರೌನ್ ಮಾಡಿದ್ದು. ಗಾಳಿ ತೆಗೆದ ಗಾಜಿನ ಬುರುಡೆ, ಹಿಂದಿನಿಂದ ಎಲೆಕ್ಟ್ರಾನುಗಳ ಸಣ್ಣ ಧಾರೆ, ಮುಂದೆ ಬಡಿದ ಕಡೆ ಹೊಳೆಯುವ ಪುಡಿಯ ಲೇಪ. ಧಾರೆಯನ್ನು ಅಯಸ್ಕಾಂತದಿಂದ ಬೇಕಾದ ಕಡೆಗೆ ತಿರುಗಿಸಬಹುದು. ಆಗ ಟಿವಿಯೂ ಇಲ್ಲ, ಕಂಪ್ಯೂಟರೂ ಇಲ್ಲ. ಏರಿಳಿಯುವ ವಿದ್ಯುತ್ತಿನ ಅಲೆಯನ್ನು ಕಣ್ಣಿಂದ ನೋಡಲು ಅದನ್ನು ಮಾಡಿದ್ದು.

ಕಂಪ್ಯೂಟರಿಗೆ ಅದು ಮೊದಲು ಬಂದದ್ದು ಪರದೆಯಾಗಿ ಅಲ್ಲ ಅಂದರೆ ನಂಬುತ್ತೀರಾ? 1948ರಲ್ಲಿ ಮ್ಯಾಂಚೆಸ್ಟರಿನ ವಿಲಿಯಮ್ಸ್, ಕಿಲ್ಬರ್ನ್ ಇಬ್ಬರೂ ಪಿಕ್ಚರ್ ಟ್ಯೂಬನ್ನೇ ಮೆಮೊರಿಯಾಗಿ ಬಳಸಿದರು. ಧಾರೆ ಬಡಿದ ಜಾಗದಲ್ಲಿ ಸ್ವಲ್ಪ ಹೊತ್ತು ವಿದ್ಯುತ್ ನಿಲ್ಲುತ್ತದೆ, ಅದು ಮಾಸುವ ಮುಂಚೆ ಓದಿ ಮತ್ತೆ ಬರೆಯಬೇಕು. ಆ ಟ್ಯೂಬಿನ ಮುಖ ಕಾಣದಂತೆ ಲೋಹದ ತಗಡು ಇರುತ್ತಿತ್ತು, ಹಾಗಾಗಿ ಒಳಗೆ ಏನಿದೆ ಅಂತ ನೋಡಲು ಪಕ್ಕದಲ್ಲಿ ಇನ್ನೊಂದು ಟ್ಯೂಬ್.

1950ರ ದಶಕದಲ್ಲಿ ಎಂಐಟಿಯ ವರ್ಲ್‌ವಿಂಡ್ ಕಂಪ್ಯೂಟರಿಗೆ ಪರದೆ ಇತ್ತು. 1963ರಲ್ಲಿ ಐವನ್ ಸದರ್ಲೆಂಡ್ ಬೆಳಕಿನ ಪೆನ್ನು ಹಿಡಿದು ಪರದೆ ಮೇಲೆ ನೇರವಾಗಿ ಚಿತ್ರ ಬಿಡಿಸುವ ಸ್ಕೆಚ್‌ಪ್ಯಾಡ್ ಮಾಡಿ ತೋರಿಸಿದರು. ಆದರೆ ಪಿಕ್ಚರ್ ಟ್ಯೂಬಿಗೆ ನೆನಪಿಲ್ಲ. ಬರೆದದ್ದು ಕಣ್ಣು ಮಿಟುಕಿಸುವಷ್ಟರಲ್ಲಿ ಮಾಸುತ್ತದೆ, ಮತ್ತೆ ಮತ್ತೆ ಬರೆಯುತ್ತಲೇ ಇರಬೇಕು. ಏನು ಬರೆಯಬೇಕು ಅನ್ನುವುದನ್ನು ಎಲ್ಲಾದರೂ ಇಟ್ಟುಕೊಳ್ಳಬೇಕಲ್ಲ, ಅದಕ್ಕೆ ಮೆಮೊರಿ ಬೇಕು, ಮೆಮೊರಿಗೆ ಆಗ ವಿಪರೀತ ಬೆಲೆ.

ಇದನ್ನು ತಪ್ಪಿಸಲು ಜನ ಏನೆಲ್ಲ ಮಾಡಿದರು ನೋಡಿ. 1964ರಲ್ಲಿ ಇಲಿನಾಯ್ ವಿಶ್ವವಿದ್ಯಾಲಯದ ಬಿಟ್ಜರ್, ಸ್ಲಾಟೋ, ವಿಲ್ಸನ್ ಪ್ಲಾಸ್ಮಾ ಪರದೆ ಕಂಡುಹಿಡಿದರು. ಪ್ಲೇಟೋ ಅನ್ನುವ ಪಾಠ ಹೇಳುವ ಕಂಪ್ಯೂಟರಿಗಾಗಿ. ನಿಯಾನ್ ಅನಿಲದ ಕಿತ್ತಳೆ ಬೆಳಕು, 512ಕ್ಕೆ 512 ಚುಕ್ಕೆ. ಅದರ ಗುಣ ಏನೆಂದರೆ ಒಮ್ಮೆ ಹೊತ್ತಿಸಿದ ಚುಕ್ಕೆ ಆರಿಸುವ ತನಕ ತಾನೇ ಹೊತ್ತಿರುತ್ತದೆ. ಪರದೆಯೇ ಮೆಮೊರಿ. 1972ರ ಟೆಕ್‌ಟ್ರಾನಿಕ್ಸ್ 4010 ಟರ್ಮಿನಲ್ಲೂ ಇದೇ ದಾರಿ, ಟ್ಯೂಬಿನೊಳಗೇ ಗೆರೆ ಉಳಿಯುವ ಹಾಗೆ ಮಾಡಿದ್ದರು. ಆದರೆ ಒಂದು ಗೆರೆ ಅಳಿಸಬೇಕಾದರೂ ಇಡೀ ಪರದೆ ಒಮ್ಮೆ ಹಸಿರಾಗಿ ಮಿಂಚಿ ಎಲ್ಲವೂ ಹೋಗುತ್ತಿತ್ತು, ಮತ್ತೆ ಮೊದಲಿಂದ ಬಿಡಿಸಬೇಕು.

1973ರ ಜೆರಾಕ್ಸ್ ಆಲ್ಟೋ ಈ ಗಂಟು ಬಿಚ್ಚಿತು. ಪರದೆ ಕಾಗದದ ಹಾಗೆ ನಿಂತಿದೆ, 606 ಚುಕ್ಕೆ ಅಗಲ, 808 ಎತ್ತರ. ಪ್ರತಿ ಚುಕ್ಕೆಗೂ ಮೆಮೊರಿಯಲ್ಲಿ ಒಂದು ಬಿಟ್. ಗುಣಿಸಿದರೆ ಸುಮಾರು 60 ಕೆಬಿ. ಇಡೀ ಯಂತ್ರದಲ್ಲಿದ್ದದ್ದೇ 128 ಕೆಬಿ, ಅದರಲ್ಲಿ ಹೆಚ್ಚುಕಮ್ಮಿ ಅರ್ಧ ಪರದೆಗೇ ಕೊಟ್ಟರು. ಆಗ ಅದು ಹುಚ್ಚು ಖರ್ಚು. ಆದರೆ ಅದರಿಂದ ಚುಕ್ಕೆ ಚುಕ್ಕೆಯೂ ನಮ್ಮ ಕೈಗೆ ಬಂತು. ಚಿಪ್ಪಿನಲ್ಲಿ ಅಚ್ಚಾದ ಅಕ್ಷರಗಳ ಹಂಗು ಹೋಯಿತು. ಕನ್ನಡದಂಥ ಲಿಪಿಗೆ ಬಾಗಿಲು ತೆರೆದದ್ದು ಇದೇ ಅಂತ ನಾನು ನಂಬಿದ್ದೇನೆ. ಡಿಟಿಪಿಯವರು ಹೇಳಿದ ಜಿಸ್ಟ್ ಕಾರ್ಡ್ ಮಾಡಿದ್ದೂ, ಆಮೇಲೆ ವಿಂಡೋಸ್ ಮೇಲೆ ಕನ್ನಡ ಬರೆಯುವ ಬರಹ, ನುಡಿ ತಂತ್ರಾಂಶಗಳು ಬಂದದ್ದೂ ಅಕ್ಷರವನ್ನು ಚುಕ್ಕೆಗಳಾಗಿ ಬಿಡಿಸಿಕೊಳ್ಳಲು ಆದಾಗಲೇ.

ಕರಡು_ಅಕ್ಕ

ಮೇಷ್ಟ್ರೇ, ಎಷ್ಟು ಚೆನ್ನಾಗಿ ಬಿಡಿಸಿ ಹೇಳಿದಿರಿ. ಈಗಿನ 4ಕೆ ಪರದೆಗೆ ಎಷ್ಟು ಮೆಮೊರಿ ಹಾಗಾದರೆ?

ಪಾಠದ_ಮೇಷ್ಟ್ರು

3840 ಗುಣಿಸು 2160, ಪ್ರತಿ ಚುಕ್ಕೆಗೆ 3 ಬೈಟ್. ಸುಮಾರು 25 ಎಂಬಿ, ಒಂದೇ ಒಂದು ಚಿತ್ರಕ್ಕೆ. ಈಗ ಅದು ಲೆಕ್ಕಕ್ಕೇ ಇಲ್ಲ.

ಎಸ್ಪಿ_ರೋಡ್_ಬೆಂಚು

ಟ್ಯೂಬ್ ಮಾನಿಟರ್ ಬಗ್ಗೆ ನಾನೂ ಬರೆಯಲೇಬೇಕು, ಬೆಂಚಿನ ಮೇಲೆ ಎಷ್ಟೋ ಮಾನಿಟರ್ ಬಿಚ್ಚಿದ್ದೇನೆ. ಬಣ್ಣದ ಟ್ಯೂಬಿಗೆ 25,000 ವೋಲ್ಟಿನಷ್ಟು ಕೊಡಬೇಕು, ಅದನ್ನು ಹುಟ್ಟಿಸುವುದು ಫ್ಲೈಬ್ಯಾಕ್ ಅನ್ನುವ ಟ್ರಾನ್ಸ್‌ಫಾರ್ಮರ್. ಪ್ಲಗ್ ಕಿತ್ತ ಮೇಲೂ ಟ್ಯೂಬಿನಲ್ಲಿ ಕರೆಂಟು ಉಳಿದಿರುತ್ತದೆ. ಟ್ಯೂಬಿನ ಪಕ್ಕ ಕೆಂಪು ದಪ್ಪ ವಯರ್ ಸೇರುವ ಕಡೆ ಒಂದು ರಬ್ಬರ್ ಟೋಪಿ ಇರುತ್ತದೆ. ಅರ್ತ್ ಮಾಡಿದ ಉದ್ದ ಸ್ಕ್ರೂಡ್ರೈವರನ್ನು ಅದರಡಿ ತೂರಿಸಿದರೆ ಚಟ್ ಅಂತ ಒಂದು ಕಿಡಿ. ಆ ಶಬ್ದ ಬರುವ ತನಕ ಯಾರನ್ನೂ ಕೈ ಹಾಕಲು ಬಿಡುತ್ತಿರಲಿಲ್ಲ.

ಬಣ್ಣದ ಟ್ಯೂಬಿನಲ್ಲಿ ಮೂರು ಧಾರೆ, ಕೆಂಪು, ಹಸಿರು, ನೀಲಿ. ಒಂದರ ಧಾರೆ ಇನ್ನೊಂದರ ಪುಡಿಗೆ ಬೀಳದ ಹಾಗೆ ತೂತಿನ ತೆಳು ತಗಡು ಅಡ್ಡ. ಸೋನಿಯವರು 1968ರಲ್ಲಿ ತಂದ ಟ್ರಿನಿಟ್ರಾನಿನಲ್ಲಿ ತೂತಿನ ಬದಲು ಉದ್ದುದ್ದ ಸೀಳು. ಆ ಪಟ್ಟಿಗಳು ಅಲುಗಾಡದಿರಲಿ ಅಂತ ಅಡ್ಡಕ್ಕೆ ಒಂದೋ ಎರಡೋ ಕೂದಲೆಳೆಯಂಥ ತಂತಿ. ಬಿಳಿ ಪುಟ ತೆರೆದು ಹತ್ತಿರ ಹೋದರೆ ತೆಳ್ಳಗಿನ ನೆರಳಿನ ಗೆರೆ ಕಾಣುತ್ತದೆ. ಮಾನಿಟರ್ ಹಾಳಾಗಿದೆ ಅಂತ ಜನ ಹೊತ್ತು ತರುತ್ತಿದ್ದರು, 17 ಇಂಚಿನದ್ದು ಹದಿನೈದು ಕೆಜಿ ಮೇಲೆಯೇ ಇರುತ್ತಿತ್ತು. ಅವರಿಗೆ ಆ ತಂತಿಯ ವಿಷಯ ಹೇಳಿ ವಾಪಸ್ ಕಳಿಸುವಾಗ ನನಗೇ ಸಂಕಟವಾಗುತ್ತಿತ್ತು.

ಡಿಟಿಪಿ_ಕಾಟನ್‌ಪೇಟೆ

ಏನೇ ಹೇಳಿ, ಟ್ಯೂಬಿನಲ್ಲಿ ಕನ್ನಡದ ದುಂಡು ಚೆನ್ನಾಗಿ ಕಾಣುತ್ತಿತ್ತು. ಚುಕ್ಕೆಯ ಅಂಚು ಮೆತ್ತಗಿರುತ್ತಿತ್ತು, ಮೆಟ್ಟಿಲು ಮೆಟ್ಟಿಲಾಗಿ ಕಾಣುತ್ತಿರಲಿಲ್ಲ. ಮೊದಲ ಎಲ್‌ಸಿಡಿ ನಮ್ಮ ಪ್ರೆಸ್‌ಗೆ ಬಂದಾಗ ಕ, ರ, ಠ ಎಲ್ಲದರ ದುಂಡೂ ಮುರಿದುಹೋಗಿತ್ತು. ಬದಿಯಿಂದ ನೋಡಿದರೆ ಬಣ್ಣವೂ ತಿರುಗಿಬೀಳುತ್ತಿತ್ತು.

ಎಸ್ಪಿ_ರೋಡ್_ಬೆಂಚು

ಅದು ನಿಜ. ಆದರೆ 60 ಹರ್ಟ್ಸ್‌ನಲ್ಲಿ ಟ್ಯೂಬ್ ನೋಡುತ್ತಾ ಕೂತವರ ಕಣ್ಣು ಏನಾಗುತ್ತಿತ್ತು ಅಂತಲೂ ನೆನಪಿಸಿಕೊಳ್ಳಿ ಅಣ್ಣ. 85ಕ್ಕೆ ಏರಿಸಿದರೆ ಮಾತ್ರ ಮಿನುಗು ನಿಲ್ಲುತ್ತಿತ್ತು, ಎಲ್ಲ ಮಾನಿಟರೂ ಅಷ್ಟು ಎಳೆಯುತ್ತಿರಲಿಲ್ಲ. ಎಂಟು ಗಂಟೆ ಕರಡು ನೋಡುವವರಿಗೆ ಎಲ್‌ಸಿಡಿಯೇ ವಾಸಿ.

ಎಂಟನೇ_ಕ್ರಾಸ್

ಎಲ್‌ಸಿಡಿ ಒಳಗೆ ಏನು ನಡೆಯುತ್ತದೆ ಅಂತ ಯಾರಾದರೂ ಹೇಳಿ. ಜಪಾನ್, ಕೊರಿಯಾದವರ ತಂತ್ರ ಅಂತ ಅಷ್ಟೇ ಗೊತ್ತು.

ಜಾಲಹಳ್ಳಿ_ಹಳಬ

ತಮ್ಮಾ, ಈ ಪ್ರಶ್ನೆಗಾಗಿಯೇ ಕಾಯುತ್ತಿದ್ದೆ. ಎಲ್‌ಸಿಡಿ ಕಥೆಯಲ್ಲಿ ನಮ್ಮ ಬೆಂಗಳೂರಿನ ಪಾಲು ಇದೆ. ಇಲ್ಲಿನ ಹುಡುಗರಿಗೆ ಅದು ಗೊತ್ತಿಲ್ಲದಿರುವುದು ನನಗೆ ಬಹಳ ಬೇಸರದ ವಿಷಯ.

ಮೊದಲು ಮೂಲ ಹೇಳುತ್ತೇನೆ. 1888ರಲ್ಲಿ ಪ್ರಾಗ್‌ನಲ್ಲಿದ್ದ ರೈನಿಟ್ಜರ್ ಅನ್ನುವ ಸಸ್ಯಶಾಸ್ತ್ರಜ್ಞ ಒಂದು ವಿಚಿತ್ರ ನೋಡಿದ. ಕೊಲೆಸ್ಟರಾಲಿನಿಂದ ಮಾಡಿದ ಒಂದು ವಸ್ತು ಎರಡು ಸಲ ಕರಗುತ್ತದೆ. ಮೊದಲು ಮಬ್ಬಾದ ದ್ರವ, ಇನ್ನೂ ಕಾಯಿಸಿದರೆ ತಿಳಿಯಾದ ದ್ರವ. ಆ ಮಬ್ಬು ಹಂತ ದ್ರವದ ಹಾಗೆ ಹರಿಯುತ್ತದೆ, ಆದರೆ ಅದರ ಅಣುಗಳು ಹರಳಿನ ಹಾಗೆ ಒಂದು ದಿಕ್ಕು ಹಿಡಿದಿರುತ್ತವೆ. ಅದೇ ಲಿಕ್ವಿಡ್ ಕ್ರಿಸ್ಟಲ್. ಎಂಬತ್ತು ವರ್ಷ ಅದು ಪ್ರಯೋಗಾಲಯದ ಕುತೂಹಲವಾಗಿಯೇ ಉಳಿಯಿತು. 1968ರಲ್ಲಿ ಅಮೆರಿಕದ ಆರ್‌ಸಿಎ ಕಂಪನಿಯ ಹೈಲ್ಮೈಯರ್ ತಂಡ ಅದರಿಂದ ಪರದೆ ಮಾಡಿ ತೋರಿಸಿತು. 1970ರಲ್ಲಿ ಸ್ವಿಟ್ಜರ್ಲೆಂಡಿನ ಶಾಟ್, ಹೆಲ್‌ಫ್ರಿಶ್ ಇಬ್ಬರೂ ಈಗಲೂ ನಡೆಯುತ್ತಿರುವ ಉಪಾಯ ಕೊಟ್ಟರು. ಎರಡು ಗಾಜಿನ ನಡುವೆ ಕೆಲವೇ ಮೈಕ್ರಾನ್ ಜಾಗ, ಅದರಲ್ಲಿ ಕಡ್ಡಿಯಾಕಾರದ ಅಣುಗಳು ಮೇಲಿಂದ ಕೆಳಕ್ಕೆ 90 ಡಿಗ್ರಿ ತಿರುಚಿಕೊಂಡು ನಿಂತಿರುತ್ತವೆ. ಹಿಂದೆ ಒಂದು, ಮುಂದೆ ಒಂದು ಪೋಲರಾಯ್ಡ್ ಹಾಳೆ (ಒಂದೇ ದಿಕ್ಕಿನಲ್ಲಿ ಕಂಪಿಸುವ ಬೆಳಕನ್ನು ಮಾತ್ರ ಬಿಡುವಂಥದ್ದು, ಅದೇ ಧ್ರುವೀಕರಣ), ಒಂದಕ್ಕೊಂದು ಅಡ್ಡವಾಗಿ. ತಿರುಚಿದ ಅಣುಗಳು ಬೆಳಕನ್ನೂ ತಿರುಗಿಸಿಕೊಂಡು ಹೋಗುವುದರಿಂದ ಬೆಳಕು ಆಚೆ ಬರುತ್ತದೆ. ಕರೆಂಟು ಕೊಟ್ಟರೆ ಅಣುಗಳು ನೆಟ್ಟಗೆ ನಿಲ್ಲುತ್ತವೆ, ಬೆಳಕು ತಡೆಯುತ್ತದೆ, ಕಪ್ಪು.

ಆದರೆ ಒಂದು ತೊಡಕಿತ್ತು. ಆಗಿನ ವಸ್ತುಗಳು ಒಂದೋ ಬಿಸಿಯಲ್ಲಿ ಮಾತ್ರ ಕೆಲಸ ಮಾಡುತ್ತಿದ್ದವು, ಇಲ್ಲವೇ ತೇವ ತಾಗಿದರೆ ಕೆಡುತ್ತಿದ್ದವು. ಇಂಗ್ಲೆಂಡಿನ ಹಲ್‌ನಲ್ಲಿ ಜಾರ್ಜ್ ಗ್ರೇ 1970ರ ದಶಕದ ಶುರುವಿನಲ್ಲಿ ಗಟ್ಟಿಯಾದ, ಮನೆಯ ಉಷ್ಣಾಂಶದಲ್ಲೇ ನಡೆಯುವ ವಸ್ತು ಮಾಡಿದರು. ವಾಚು, ಕ್ಯಾಲ್ಕುಲೇಟರ್ ಎಲ್ಲ ಹರಡಿದ್ದು ಆಮೇಲೆ.

ಈಗ ಬೆಂಗಳೂರು. ಸಿ.ವಿ. ರಾಮನ್ ಅವರ ಸೋದರಳಿಯ ಎಸ್. ಚಂದ್ರಶೇಖರ್, ಮೈಸೂರು ವಿಶ್ವವಿದ್ಯಾಲಯದಲ್ಲಿ ಭೌತಶಾಸ್ತ್ರ ವಿಭಾಗದ ಮೊದಲ ಮುಖ್ಯಸ್ಥರಾಗಿದ್ದವರು, 1971ರಲ್ಲಿ ರಾಮನ್ ಸಂಶೋಧನಾ ಸಂಸ್ಥೆಗೆ ಬಂದು ಲಿಕ್ವಿಡ್ ಕ್ರಿಸ್ಟಲ್ ಪ್ರಯೋಗಾಲಯ ಕಟ್ಟಿದರು. ಮೇಖ್ರಿ ಸರ್ಕಲ್ ಹತ್ತಿರ ಮರಗಳ ನಡುವೆ ಇದೆಯಲ್ಲ, ಅದೇ ಸಂಸ್ಥೆ. 1973ರ ಡಿಸೆಂಬರಿನಲ್ಲಿ ಇಲ್ಲೇ ಅಂತರರಾಷ್ಟ್ರೀಯ ಸಮ್ಮೇಳನ ನಡೆಯಿತು. ಅಲ್ಲಿಯ ತನಕ ಎಲ್ಲರೂ ನಂಬಿದ್ದು ಏನೆಂದರೆ ಲಿಕ್ವಿಡ್ ಕ್ರಿಸ್ಟಲ್ ಆಗಬೇಕಾದರೆ ಅಣು ಕಡ್ಡಿಯಂತೆ ಉದ್ದ ಇರಬೇಕು. 1977ರಲ್ಲಿ ಚಂದ್ರಶೇಖರ್, ಸದಾಶಿವ, ಸುರೇಶ್ ಮೂವರೂ ಚಪ್ಪಟೆ ಬಿಲ್ಲೆಯಂಥ ಅಣುಗಳೂ ಲಿಕ್ವಿಡ್ ಕ್ರಿಸ್ಟಲ್ ಆಗುತ್ತವೆ ಅಂತ ತೋರಿಸಿದರು. ನಿಪ್ಪಟ್ಟು ಒಂದರ ಮೇಲೊಂದು ಪೇರಿಸಿದ ಹಾಗೆ ಅಣುಗಳು ಕಂಬಗಳಾಗಿ ನಿಲ್ಲುತ್ತವೆ. ಅದನ್ನು ಪ್ರಕಟಿಸಿದ್ದೂ ನಮ್ಮದೇ 'ಪ್ರಮಾಣ' ಪತ್ರಿಕೆಯಲ್ಲಿ. ಪ್ರಪಂಚದಲ್ಲಿ ಒಂದು ಹೊಸ ವಿಭಾಗವೇ ಅದರಿಂದ ಹುಟ್ಟಿತು.

ಈಗ ಡಿಟಿಪಿಯವರು ಬದಿಯಿಂದ ನೋಡಿದರೆ ಬಣ್ಣ ತಿರುಗುತ್ತದೆ ಅಂದರಲ್ಲ. ಆ ತೊಂದರೆ ಕಡಿಮೆ ಮಾಡಲು 1990ರ ದಶಕದಲ್ಲಿ ಜಪಾನಿನ ಫ್ಯೂಜಿ ಕಂಪನಿ ಒಂದು ತೆಳು ಹಾಳೆ ತಂದಿತು, ಪರದೆಗೆ ಅಂಟಿಸುವಂಥದ್ದು. ಆ ಹಾಳೆಯಲ್ಲಿ ಇದ್ದದ್ದು ಇದೇ ಬಿಲ್ಲೆಯಾಕಾರದ ಲಿಕ್ವಿಡ್ ಕ್ರಿಸ್ಟಲ್. ಎಷ್ಟೋ ಮಾನಿಟರುಗಳ ಗಾಜಿನ ಮೇಲೆ ಆ ಹಾಳೆ ಇತ್ತು. ನಿಮ್ಮ ಪ್ರೆಸ್‌ನ ಮಾನಿಟರಿನಲ್ಲೂ ಇದ್ದಿರಬಹುದು.

ನಿವೃತ್ತಿಯ ಹೊತ್ತಿಗೆ ಚಂದ್ರಶೇಖರ್ ಸುಮ್ಮನೆ ಕೂರಲಿಲ್ಲ. 1991ರಲ್ಲಿ ಇಲ್ಲಿ ಜಾಲಹಳ್ಳಿಯಲ್ಲಿ ಬಿಇಎಲ್ (ಭಾರತ್ ಎಲೆಕ್ಟ್ರಾನಿಕ್ಸ್) ಕೊಟ್ಟ ಕಟ್ಟಡದಲ್ಲಿ ಲಿಕ್ವಿಡ್ ಕ್ರಿಸ್ಟಲ್ ಸಂಶೋಧನಾ ಕೇಂದ್ರ ಶುರುಮಾಡಿದರು. ಈಗ ಅದೇ ಸೆನ್ಸ್ ಅನ್ನುವ ನ್ಯಾನೋ ವಿಜ್ಞಾನ ಸಂಸ್ಥೆ. ಬಿಇಎಲ್‌ನಲ್ಲಿ ಕಪ್ಪು ಬಿಳುಪು ಟಿವಿಯ ಪಿಕ್ಚರ್ ಟ್ಯೂಬ್ ತಯಾರಾಗುತ್ತಿತ್ತು, ಎಲ್‌ಸಿಡಿಯನ್ನೂ ಮಾಡುತ್ತಿದ್ದರು. ಒಂದೇ ಬಡಾವಣೆಯಲ್ಲಿ ಹಳೆಯ ಪರದೆ, ಹೊಸ ಪರದೆ, ಅದರ ವಿಜ್ಞಾನ ಮೂರೂ ಇದ್ದವು. ಆದರೂ ದೊಡ್ಡ ಪರದೆ ಮಾಡುವ ಕಾರ್ಖಾನೆ ನಮ್ಮಲ್ಲಿ ಏಳಲಿಲ್ಲ. ಆ ಗಾಜಿನ ಕಾರ್ಖಾನೆಗೆ ಬೇಕಾದ ಹಣ, ಅದಕ್ಕೆ ಕಾಯುವ ತಾಳ್ಮೆ ಜಪಾನ್, ಕೊರಿಯಾ, ತೈವಾನ್ ತೋರಿಸಿದವು, ನಾವು ತೋರಿಸಲಿಲ್ಲ. ನನಗೆ ಇದು ಇವತ್ತಿಗೂ ನೋವು.

ಫಿಸಿಕ್ಸ್_ಹುಡುಗ

ಸರ್, ಓದಿ ರೋಮಾಂಚನವಾಯಿತು. ಇನ್ನೊಂದು ಸೇರಿಸುತ್ತೇನೆ. ಅದೇ ರಾಮನ್ ಸಂಸ್ಥೆಯಲ್ಲಿ 1956ರಲ್ಲಿ ಪಂಚರತ್ನಂ ಅವರು, ಆಗ ಅವರಿಗೆ 22 ವರ್ಷ, ಧ್ರುವೀಕರಿಸಿದ ಬೆಳಕಿನ ಬಗ್ಗೆ ಒಂದು ಲೇಖನ ಬರೆದರು. ಬೆಳಕಿನ ಧ್ರುವೀಕರಣವನ್ನು ಹಂತ ಹಂತವಾಗಿ ಬದಲಾಯಿಸಿ ಮೊದಲಿದ್ದ ಸ್ಥಿತಿಗೇ ತಂದರೂ ಅಲೆಯಲ್ಲಿ ಒಂದು ವ್ಯತ್ಯಾಸ ಉಳಿಯುತ್ತದೆ ಅಂತ. 1984ರಲ್ಲಿ ಮೈಕೆಲ್ ಬೆರಿ ಕ್ವಾಂಟಮ್ ವಿಜ್ಞಾನದಲ್ಲಿ ಇಂಥದ್ದೇ ಒಂದನ್ನು ಕಂಡ ಮೇಲೆ ಬೆಂಗಳೂರಿನ ರಾಮಶೇಷನ್ ಮತ್ತು ನಿತ್ಯಾನಂದ ಈ ಹಳೆಯ ಕೆಲಸವನ್ನು ಎತ್ತಿ ತೋರಿಸಿದರು. ಈಗ ತಲೆಗೆ ಹಾಕಿಕೊಳ್ಳುವ ವಿಆರ್ ಕನ್ನಡಕಗಳಿಗಾಗಿ ಕಾಗದದಷ್ಟು ತೆಳುವಾದ ಲಿಕ್ವಿಡ್ ಕ್ರಿಸ್ಟಲ್ ಲೆನ್ಸ್ ಮಾಡಲು ಪ್ರಯತ್ನ ನಡೆಯುತ್ತಿದೆಯಲ್ಲ, ಅದರ ಹೆಸರಲ್ಲೇ ಪಂಚರತ್ನಂ–ಬೆರಿ ಅಂತ ಇದೆ. ಪಂಚರತ್ನಂ 1969ರಲ್ಲಿ, 35ನೇ ವಯಸ್ಸಿಗೇ ತೀರಿಕೊಂಡರು. ಅವರೂ ರಾಮನ್ ಅವರ ಸೋದರಳಿಯ.

ಎಂಟನೇ_ಕ್ರಾಸ್

ಈ ರಸ್ತೆಯಲ್ಲಿ ದಿನಾ ಓಡಾಡುತ್ತೇನೆ, ಇದ್ಯಾವುದೂ ಗೊತ್ತಿರಲಿಲ್ಲ. ಧನ್ಯವಾದ ಸರ್.

ನಾನು ಓಎಲ್‌ಇಡಿ ಬಳಸುವವನು, ಅದರ ಬಗ್ಗೆ ಹೇಳುತ್ತೇನೆ. 1987ರಲ್ಲಿ ಕೊಡಾಕ್ ಕಂಪನಿಯ ಚಿಂಗ್ ಟಾಂಗ್, ಸ್ಟೀವನ್ ವ್ಯಾನ್ ಸ್ಲೈಕ್ ಇಬ್ಬರೂ ತೆಳುವಾದ ಸಾವಯವ ಪದರಗಳಿಗೆ 10 ವೋಲ್ಟಿಗಿಂತ ಕಡಿಮೆ ಕೊಟ್ಟು ಬೆಳಕು ಬರಿಸಿದರು. ಎಲ್‌ಸಿಡಿಯಲ್ಲಿ ಹಿಂದೆ ಯಾವಾಗಲೂ ದೀಪ ಉರಿಯುತ್ತಿರುತ್ತದೆ, ಮುಂದಿನ ಪದರ ಅದನ್ನು ತಡೆಯುತ್ತದೆ ಅಷ್ಟೇ. ಓಎಲ್‌ಇಡಿಯಲ್ಲಿ ಒಂದೊಂದು ಚುಕ್ಕೆಯೂ ತಾನೇ ದೀಪ. ಆರಿಸಿದರೆ ಪೂರ್ತಿ ಕಪ್ಪು. ಸಿನಿಮಾಕ್ಕೆ, ಆಟಕ್ಕೆ ಅದನ್ನು ಮೀರಿಸಿದ್ದು ಇಲ್ಲ.

ಆದರೆ ಕರಡು ಅಕ್ಕ, ನಿಮಗೆ ನಾನು ಅದನ್ನು ಹೇಳುವುದಿಲ್ಲ. ಎರಡು ಕಾರಣ. ಒಂದು, ನೀಲಿ ಚುಕ್ಕೆ ಬೇಗ ಸವೆಯುತ್ತದೆ, ಒಂದೇ ಚಿತ್ರ ಒಂದೇ ಜಾಗದಲ್ಲಿ ವರ್ಷಗಟ್ಟಲೆ ನಿಂತರೆ ಅದರ ಗುರುತು ಉಳಿಯುತ್ತದೆ. ನಿಮ್ಮ ಪರದೆಯಲ್ಲಿ ದಿನವಿಡೀ ಅದೇ ಬಿಳಿ ಪುಟ, ಅದೇ ಮೆನು. ಎರಡನೆಯದು ಅಕ್ಷರಕ್ಕೆ ಸಂಬಂಧಿಸಿದ್ದು. ಸಾಮಾನ್ಯ ಎಲ್‌ಸಿಡಿಯಲ್ಲಿ ಪ್ರತಿ ಚುಕ್ಕೆಯೊಳಗೆ ಕೆಂಪು, ಹಸಿರು, ನೀಲಿ ಪಟ್ಟಿಗಳು ಸಾಲಾಗಿ ನಿಂತಿರುತ್ತವೆ. ಹಲವು ಓಎಲ್‌ಇಡಿ ಮಾನಿಟರಿನಲ್ಲಿ ಅವು ತ್ರಿಕೋನವಾಗಿಯೋ, ನಡುವೆ ಬಿಳಿ ಸೇರಿಸಿಯೋ ಇರುತ್ತವೆ. ಹಾಗಾಗಿ ಅಕ್ಷರದ ಅಂಚಿನಲ್ಲಿ ಕೆಂಪು, ಹಸಿರು ಛಾಯೆ ಕಾಣುತ್ತದೆ. ಸಣ್ಣ ಒತ್ತಕ್ಷರದಲ್ಲಿ ಅದು ನಿಜಕ್ಕೂ ಕಿರಿಕಿರಿ.

ಅಂಗಡಿಯಲ್ಲಿ ಕ್ಯೂಎಲ್‌ಇಡಿ ಅಂದರೆ ಓಎಲ್‌ಇಡಿಯ ಅಣ್ಣ ಅನ್ನುವ ಹಾಗೆ ಹೇಳುತ್ತಾರೆ. ಅದು ಎಲ್‌ಸಿಡಿಯೇ, ಹಿಂದಿನ ದೀಪಕ್ಕೆ ಕ್ವಾಂಟಮ್ ಡಾಟ್ ಅನ್ನುವ ಅತಿಸಣ್ಣ ಕಣಗಳ ಹಾಳೆ ಸೇರಿಸಿದ್ದಾರೆ. ಬಣ್ಣ ಚೆನ್ನಾಗಿರುತ್ತದೆ. ಕರಡು ತಿದ್ದಲು ಅದರಿಂದ ಏನೂ ಆಗಬೇಕಾದ್ದಿಲ್ಲ.

ಪಾಠದ_ಮೇಷ್ಟ್ರು

ಆ ಪಟ್ಟಿಗಳ ವಿಷಯ ಬಂದದ್ದರಿಂದ ಇದನ್ನೂ ಹೇಳಬೇಕು. ಮೈಕ್ರೋಸಾಫ್ಟ್ 1998ರಲ್ಲಿ ಕ್ಲಿಯರ್‌ಟೈಪ್ ಅನ್ನುವ ತಂತ್ರ ಪ್ರಕಟಿಸಿತು. ಕೆಂಪು, ಹಸಿರು, ನೀಲಿ ಪಟ್ಟಿಗಳನ್ನು ಬೇರೆ ಬೇರೆ ಚುಕ್ಕೆಗಳ ಹಾಗೆ ಬಳಸಿದರೆ ಅಡ್ಡಕ್ಕೆ ಮೂರು ಪಟ್ಟು ನಯ ಸಿಗುತ್ತದೆ. ಇಂಗ್ಲಿಷಿಗೆ ಬಹಳ ಉಪಯೋಗವಾಯಿತು, ಅಲ್ಲಿ ನೆಟ್ಟಗಿನ ಕಡ್ಡಿಗಳೇ ಜಾಸ್ತಿ. ನಮ್ಮ ಕಷ್ಟ ಇರುವುದು ಮೇಲಿಂದ ಕೆಳಕ್ಕೆ, ಡಿಟಿಪಿಯವರು ಹೇಳಿದ ಹಾಗೆ. ಆ ದಿಕ್ಕಿನಲ್ಲಿ ಈ ಉಪಾಯ ಏನೂ ಸೇರಿಸುವುದಿಲ್ಲ. ನಿಜವಾದ ಚುಕ್ಕೆಗಳೇ ಹೆಚ್ಚಬೇಕು. ಐಬಿಎಂ 2001ರಲ್ಲೇ ಟಿ220 ಅಂತ 22 ಇಂಚಿನ ಮಾನಿಟರ್ ತಂದಿತ್ತು, 3840ಕ್ಕೆ 2400 ಚುಕ್ಕೆ, ಇಂಚಿಗೆ 204. ಬೆಲೆ ಆಸ್ಪತ್ರೆ, ಸಂಶೋಧನಾ ಸಂಸ್ಥೆಯಂಥವರು ಮಾತ್ರ ಕೊಡಬಹುದಾದಷ್ಟು. ಈಗ ನಮ್ಮಂಥವರಿಗೂ ಆ ನಯ ಹತ್ತಿರ ಬಂದಿದೆ, ಅದನ್ನು ಕನ್ನಡ ಓದುವವರು ಮೊದಲು ಉಪಯೋಗಿಸಿಕೊಳ್ಳಬೇಕು.

ಡಿಟಿಪಿ_ಕಾಟನ್‌ಪೇಟೆ

ಚುಕ್ಕೆ ಕಡಿಮೆಯಾದರೆ ಏನಾಗುತ್ತದೆ ಅಂತ ನೋಡಬೇಕಾದರೆ ಮೆಜೆಸ್ಟಿಕ್‌ನಲ್ಲಿ ನಿಂತು ಬಸ್ಸುಗಳ ಎಲ್‌ಇಡಿ ಬೋರ್ಡ್ ಓದಿ. ಕೋರಮಂಗಲ, ಜಯನಗರ ದೂರದಿಂದಲೇ ಓದಬಹುದು. ಬನ್ನೇರುಘಟ್ಟ ಬಂದಾಗ ನ್ನ, ಟ್ಟ ಎರಡರ ಒತ್ತೂ ಒಂದು ಮುದ್ದೆಯಾಗಿರುತ್ತದೆ. ಅಭ್ಯಾಸದಿಂದ ಓದುತ್ತೇವೆ ಅಷ್ಟೇ. ಹೊಸದಾಗಿ ಕನ್ನಡ ಕಲಿಯುವವರ ಗತಿ ಏನು? ಬೋರ್ಡಿಗೆ ಇನ್ನೊಂದಿಷ್ಟು ಸಾಲು ಎಲ್‌ಇಡಿ ಸೇರಿಸಿದರೆ ಸರಿಹೋಗುವ ಕೆಲಸ ಇದು. ಟೆಂಡರ್ ಬರೆಯುವವರು ಇಂಗ್ಲಿಷ್ ಅಕ್ಷರದ ಎತ್ತರ ನೋಡಿ ಬರೆಯುತ್ತಾರೆ ಅನ್ನಿಸುತ್ತದೆ. ಇದನ್ನು ನಾವೆಲ್ಲ ಸೇರಿ ಕೇಳಲೇಬೇಕು.

ಕರಡು_ಅಕ್ಕ

ಖಂಡಿತ ಕೇಳೋಣ, ಅದಕ್ಕೆ ಬೇರೆ ಎಳೆ ಶುರುಮಾಡಿ, ನಾನೂ ಬರೆಯುತ್ತೇನೆ. ಇ-ಇಂಕ್ ಬಗ್ಗೆ ಯಾರೂ ಹೇಳಲಿಲ್ಲ.

ಫಿಸಿಕ್ಸ್_ಹುಡುಗ

ಎಂಐಟಿಯಲ್ಲಿ ಹುಟ್ಟಿದ್ದು ಅಕ್ಕ, ಇ ಇಂಕ್ ಕಂಪನಿ 1997ರಲ್ಲಿ ಶುರುವಾಯಿತು. ಕೂದಲಿನ ದಪ್ಪದ ಪುಟ್ಟ ಪುಟ್ಟ ಗುಳಿಗೆಗಳು, ಒಳಗೆ ಎಣ್ಣೆಯಂಥ ದ್ರವ, ಅದರಲ್ಲಿ ಬಿಳಿ ಕಣ ಮತ್ತು ಕಪ್ಪು ಕಣ. ಎರಡಕ್ಕೂ ವಿರುದ್ಧ ವಿದ್ಯುತ್ ಇರುವುದರಿಂದ ಯಾವುದು ಬೇಕೋ ಅದನ್ನು ಮೇಲೆ ಎಳೆಯಬಹುದು. ಮೇಲೆ ಬಂದ ಮೇಲೆ ಕರೆಂಟೇ ಬೇಡ, ಅಲ್ಲೇ ನಿಲ್ಲುತ್ತದೆ. ದೀಪ ಕಣ್ಣಿಗೆ ಹೊಡೆಯುವುದಿಲ್ಲ, ಓದುವ ಸಾಧನಗಳಲ್ಲಿ ಇಂಚಿಗೆ 300 ಚುಕ್ಕೆ ಸಿಗುತ್ತದೆ. ಆದರೆ ನಿಧಾನ. ಕರ್ಸರ್ ಆಡಿಸಿ, ಅಳಿಸಿ, ಬರೆಯುವ ಕೆಲಸಕ್ಕೆ ಒಗ್ಗುವುದಿಲ್ಲ. ಕೊನೆಯ ಕರಡನ್ನು ಪಿಡಿಎಫ್ ಮಾಡಿ ಓದಲು ಬೇಕಾದರೆ ಬಹಳ ಚೆನ್ನಾಗಿದೆ.

ಎಸ್ಪಿ_ರೋಡ್_ಬೆಂಚು

ಹಾಗಾದರೆ ಮೇಡಂ, 27 ಇಂಚು, 4ಕೆ, ಐಪಿಎಸ್. ಐಪಿಎಸ್ ಅಂದರೆ ಅಣುಗಳು ಗಾಜಿಗೆ ಸಮನಾಗಿ ಮಲಗಿಕೊಂಡೇ ತಿರುಗುವ ಎಲ್‌ಸಿಡಿ, 1996ರಲ್ಲಿ ಹಿಟಾಚಿ ಮಾರುಕಟ್ಟೆಗೆ ತಂದದ್ದು. ಬದಿಯಿಂದ ನೋಡಿದರೂ ಬಣ್ಣ ಕೆಡುವುದಿಲ್ಲ. ಪರದೆಯ ಮೈ ಮ್ಯಾಟ್ ಇರಲಿ, ನಿಮ್ಮ ಕಿಟಕಿ ಅದರಲ್ಲಿ ಕಾಣಬಾರದು.

ಅಂಗಡಿಗೆ ಹೋಗುವಾಗ ಪೆನ್‌ಡ್ರೈವಿನಲ್ಲಿ ನಿಮ್ಮದೇ ಒಂದು ಕನ್ನಡ ಪುಟ ಒಯ್ಯಿರಿ. ಅವರು ಹಾಕಿರುವ ಹೂವು, ಜಲಪಾತದ ವಿಡಿಯೋ ನೋಡಬೇಡಿ. ಬಿಳಿ ಪುಟದಲ್ಲಿ ಕಪ್ಪು ಅಕ್ಷರ, ನೀವು ದಿನಾ ಓದುವ ಅಳತೆಯಲ್ಲಿ.

ಡಿಟಿಪಿ_ಕಾಟನ್‌ಪೇಟೆ

ಆ ಪುಟದಲ್ಲಿ ಈ ಪದಗಳು ಇರಲಿ: ಸ್ತ್ರೀ, ರಾಷ್ಟ್ರ, ಲಕ್ಷ್ಮೀ, ನಿಷ್ಠೆ, ಕಷ್ಟ, ಅರ್ಥ, ಅರ್ಧ, ಶ್ರದ್ಧೆ, ವೈಶಿಷ್ಟ್ಯ. ಹತ್ತು ಪಾಯಿಂಟಿನಲ್ಲೊಮ್ಮೆ, ಎಂಟರಲ್ಲೊಮ್ಮೆ. ಅರ್ಥ, ಅರ್ಧ ಎರಡನ್ನೂ ಪಕ್ಕ ಪಕ್ಕ ಇಡಿ, ಕುರ್ಚಿಯಲ್ಲಿ ಹಿಂದಕ್ಕೆ ಒರಗಿ ಓದಿ. ಗೊತ್ತಾಗಿಬಿಡುತ್ತದೆ.

ಕರಡು_ಅಕ್ಕ

ಪುಟ ಈಗಲೇ ಮಾಡಿಟ್ಟುಕೊಂಡೆ, 'ಉತ್ಪ್ರೇಕ್ಷೆ'ಯನ್ನೂ ಸೇರಿಸಿದ್ದೇನೆ. ಶನಿವಾರ ಎಸ್‌ಪಿ ರೋಡಿಗೆ ಹೋಗುತ್ತೇನೆ. ನನ್ನ ಕಂಪ್ಯೂಟರ್ ಸ್ವಲ್ಪ ಹಳೆಯದು, 4ಕೆ ಎಳೆಯುತ್ತದಾ?

ಎಸ್ಪಿ_ರೋಡ್_ಬೆಂಚು

ಹಿಂದೆ ಇರುವ ಪೋರ್ಟ್ ನೋಡಿ ಮೇಡಂ. ಎಚ್‌ಡಿಎಂಐ 1.4 ಮಾತ್ರ ಇದ್ದರೆ 4ಕೆಯಲ್ಲಿ 30 ಹರ್ಟ್ಸ್ ಅಷ್ಟೇ ಬರುತ್ತದೆ, ಮೌಸ್ ಎಳೆದಾಡಿದ ಹಾಗೆ ಅನ್ನಿಸುತ್ತದೆ. ಎಚ್‌ಡಿಎಂಐ 2.0 ಅಥವಾ ಡಿಸ್‌ಪ್ಲೇಪೋರ್ಟ್ 1.2 ಇದ್ದರೆ 60 ಸಿಗುತ್ತದೆ. ಮನೆಗೆ ತಂದ ಮೇಲೆ ವಿಂಡೋಸ್ ಸೆಟ್ಟಿಂಗ್‌ನಲ್ಲಿ ಸ್ಕೇಲಿಂಗ್ (ಅಕ್ಷರ ಎಷ್ಟು ದೊಡ್ಡದಾಗಿ ಕಾಣಬೇಕು ಅನ್ನುವುದು) ಶೇಕಡ 150ಕ್ಕೆ ಇಡಿ, ರೆಸಲ್ಯೂಶನ್ (ಚುಕ್ಕೆಗಳ ಸಂಖ್ಯೆ) ಮಾತ್ರ ಇಳಿಸಬೇಡಿ. ಮನೆಯಲ್ಲಿ ಹಳೆಯ ಟ್ಯೂಬ್ ಮಾನಿಟರ್ ಏನಾದರೂ ಬಿದ್ದಿದ್ದರೆ ಗುಜರಿಯವರಿಗೆ ಕೊಡಬೇಡಿ, ಆ ಗಾಜಿನಲ್ಲಿ ಸೀಸ ಇರುತ್ತದೆ, ಒಡೆದು ಎಲ್ಲೋ ಸುರಿಯುತ್ತಾರೆ. ಮಾಲಿನ್ಯ ನಿಯಂತ್ರಣ ಮಂಡಳಿಯ ಅನುಮತಿ ಇರುವ ಇ-ತ್ಯಾಜ್ಯದವರಿಗೇ ಕೊಡಿ. ನಿಮ್ಮ ಕಂಪ್ಯೂಟರಿನ ಹಿಂಭಾಗದ ಫೋಟೋ ಇಲ್ಲಿ ಹಾಕಿ, ಯಾವ ಕೇಬಲ್ ಬೇಕು ಅಂತ ನೋಡಿ ಹೇಳುತ್ತೇನೆ.